ನೆಂಟರಾಗಿ ಬಂದ ಊರಲ್ಲಿ ಒಕ್ಕಲಾಗುವುದು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಎನ್ನುವ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೈಸೂರಿನಲ್ಲಿ ಚಳಿಯ ಜೊತೆ ಇನ್ನೂ ಕೆಲವರು ಹೊರಡುತ್ತಾರೆ. ದಸರಾ ಮುಗಿದ ಮೇಲೆ ಮುಂಬಯಿ, ಪುಣೆ, ದೆಹಲಿಯಿಂದ, ಅಮೆರಿಕದಿಂದ ಬಂದು ಎರಡು ಮೂರು ತಿಂಗಳು ಇದ್ದು ಹೋಗುವ ನಿವೃತ್ತರು ಅವರು. ನಾವೂ ನಾಲ್ಕು ವರ್ಷ ಹೀಗೇ ಬಂದು ಹೋದೆವು. ಡೊಂಬಿವಲಿಯ ಫ್ಲಾಟಿಗೆ ಬೀಗ ಹಾಕುವುದು, ಸರಸ್ವತಿಪುರಂನಲ್ಲಿ ಒಂದು ಮಹಡಿ ಮನೆ ಹಿಡಿಯುವುದು, ಅವರೆಕಾಯಿ ಕಾಲ ಮುಗಿಯುವಾಗ ವಾಪಸ್ಸು ಹೋಗುವುದು. ಐದನೇ ವರ್ಷ ನಾವು ಹೋಗಲಿಲ್ಲ.

ನೆಂಟರಾಗಿ ಬರುವುದು ಬೇರೆ, ಒಕ್ಕಲಾಗುವುದು ಬೇರೆ ಅಂತ ಆಗಲೇ ನಮಗೆ ತಿಳಿದದ್ದು. ಈಗ ನಮ್ಮ ಹಾಗೆ ಯೋಚಿಸುತ್ತಿರುವವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮನೆ ಕೊಳ್ಳುವುದು ಈ ಇಡೀ ಕೆಲಸದಲ್ಲಿ ಕೊನೆಗೆ ಬರಬೇಕು. ಆದರೆ ತುಂಬಾ ಜನ ಅದರಿಂದಲೇ ಶುರು ಮಾಡುತ್ತಾರೆ. ಧನುರ್ಮಾಸದ ಬೆಳಿಗ್ಗೆ ದೇವಸ್ಥಾನದಲ್ಲಿ ಬಿಸಿ ಹುಗ್ಗಿ ತಿಂದು, ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬಂದಾಗ ಮನಸ್ಸು ತುಂಬಿರುತ್ತದೆ. ಅದೇ ವಾರ ಯಾರೋ ಸೈಟು ತೋರಿಸುತ್ತಾರೆ. ಅಡ್ವಾನ್ಸ್ ಕೊಟ್ಟೇಬಿಡುತ್ತಾರೆ. ಊರಿನ ಉಳಿದ ಒಂಬತ್ತು ತಿಂಗಳನ್ನು ಅವರು ಇನ್ನೂ ನೋಡಿಯೇ ಇರುವುದಿಲ್ಲ.

ಉಳಿದ ಒಂಬತ್ತು ತಿಂಗಳು

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿ 16 ಡಿಗ್ರಿ ಆಸುಪಾಸು, ಹಗಲು 28ರ ಹತ್ತಿರ. ಇಷ್ಟು ಹಿತವಾದ ಹವೆ ನೋಡಿದವರಿಗೆ ಏಪ್ರಿಲ್ ಕಷ್ಟ ಅನ್ನಿಸುತ್ತದೆ. ಆಗ ಹಗಲು 34, 35ಕ್ಕೆ ಏರುತ್ತದೆ. ಮುಂಬಯಿಯ ಬೆವರು ಇಲ್ಲಿಲ್ಲ, ನಿಜ. ಆದರೆ ಮಹಡಿ ಮನೆಯ ತಾರಸಿ ಇಡೀ ದಿನ ಕಾದು ರಾತ್ರಿ ಹನ್ನೊಂದರವರೆಗೂ ಶಾಖ ಬಿಡುತ್ತಿರುತ್ತದೆ. ಚಳಿಗಾಲದಲ್ಲಿ ಬಿಸಿಲು ಬೀಳುತ್ತದೆ ಅಂತ ನಾವು ಆಸೆಪಟ್ಟು ಹಿಡಿದಿದ್ದ ಅದೇ ಕೋಣೆಯಲ್ಲಿ ಏಪ್ರಿಲ್‌ನಲ್ಲಿ ಮಲಗಲು ಆಗಲಿಲ್ಲ. ಮೇ ತಿಂಗಳಲ್ಲಿ ಕೆಳಗಿನ ಮನೆಯೊಂದಕ್ಕೆ ಹೋದೆವು. ಬಾಡಿಗೆ ಮನೆಯಾದ್ದರಿಂದ ಹೋಗಲು ಆಯಿತು. ಕೊಂಡಿದ್ದರೆ?

ಮಳೆಯದ್ದೂ ಹಾಗೆಯೇ. ಮೈಸೂರು, ಮಂಡ್ಯ ಭಾಗದಲ್ಲಿ ಮಳೆ ಜುಲೈ ತಿಂಗಳಿಗಿಂತ ಮೇ ಮತ್ತು ಅಕ್ಟೋಬರ್‌ನಲ್ಲಿ ಜಾಸ್ತಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಕಾಯುವ ಮಳೆ ಏಪ್ರಿಲ್ ಕೊನೆಗೆ, ಮೇ ಮೊದಲಿಗೆ ಸಂಜೆ ಹೊತ್ತು ಗುಡುಗು ಸಿಡಿಲಿನೊಂದಿಗೆ ಬರುತ್ತದೆ. ಹಳೆಯ ಬಡಾವಣೆಗಳಲ್ಲಿ ದೊಡ್ಡ ಮರಗಳಿವೆ. ನಾವು ಈ ಊರನ್ನು ಮೆಚ್ಚಿದ್ದೇ ಆ ಮರಗಳಿಗಾಗಿ. ಗಾಳಿ ಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಬರಲು ಬೆಳಗಾಗಬಹುದು. ರಾತ್ರಿ ಆಕ್ಸಿಜನ್ ಯಂತ್ರ ಅಥವಾ ಗೊರಕೆಗೆ ಕೊಡುವ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವವರಿದ್ದರೆ ಇದನ್ನು ಮೊದಲೇ ಯೋಚಿಸಿ. ಒಳ್ಳೆಯ ಯುಪಿಎಸ್ ಅಂಥ ಮನೆಗೆ ಬೇಕೇಬೇಕು.

ಇನ್ನು ನೀರು. ಮೈಸೂರಿಗೆ ಕಾವೇರಿ ಮತ್ತು ಕಬಿನಿ ಎರಡರಿಂದಲೂ ನೀರು ಬರುತ್ತದೆ. ಆದರೆ ಎಲ್ಲ ಬಡಾವಣೆಗೂ ಒಂದೇ ರೀತಿ ಬರುವುದಿಲ್ಲ. ರಿಂಗ್ ರಸ್ತೆಯ ಆಚೆಗಿನ ಹೊಸ ಖಾಸಗಿ ಬಡಾವಣೆಗಳಲ್ಲಿ ಬೋರ್‌ವೆಲ್ಲನ್ನೇ ನಂಬಿದವರಿದ್ದಾರೆ. ಡಿಸೆಂಬರಿನಲ್ಲಿ ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿದರೆ ನೀರು ಬಂದೇ ಬರುತ್ತದೆ. ಬ್ರೋಕರ್ ಹತ್ತಿರ ಕೇಳಬೇಡಿ. ಪಕ್ಕದ ಮನೆಯ ಗೇಟು ತಟ್ಟಿ, ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ದಿನ ನಲ್ಲಿ ನೀರು ಬರುತ್ತೆ, ಟ್ಯಾಂಕರ್ ಕರೆಸಿದ್ದೀರಾ ಅಂತ ಕೇಳಿ. 2023ರಲ್ಲಿ ಮುಂಗಾರು ಕೈಕೊಟ್ಟು 124.80 ಅಡಿಯ ಕೆಆರ್‌ಎಸ್ ತುಂಬಲಿಲ್ಲ. ಅದರ ಮುಂದಿನ ಬೇಸಿಗೆ ಹೇಗೆ ಕಳೆಯಿತು ಎಂದು ಕೇಳಿದರೆ ಆ ಬೀದಿಯ ನಿಜ ಸ್ಥಿತಿ ತಿಳಿಯುತ್ತದೆ.

ಅದಕ್ಕೇ ನನ್ನ ಸಲಹೆ ಇಷ್ಟು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಬಾಡಿಗೆ ಮನೆಯಲ್ಲಿ ಇದ್ದು ನೋಡಿ. ಹಳೆಯ ಊರಿನ ಮನೆಯನ್ನು ಅಲ್ಲಿಯವರೆಗೆ ಮಾರಬೇಡಿ. ಎರಡು ಮನೆಯ ಖರ್ಚು ಒಂದು ವರ್ಷ ಭಾರ ಅನ್ನಿಸುತ್ತದೆ. ತಪ್ಪು ಜಾಗದಲ್ಲಿ ಮನೆ ಕೊಂಡರೆ ಆಗುವ ನಷ್ಟದ ಮುಂದೆ ಅದು ಸಣ್ಣದು.

ಬಾಡಿಗೆಯ ಜೊತೆಗೆ ಇಲ್ಲಿ ಭೋಗ್ಯದ ಪದ್ಧತಿಯೂ ಇದೆ. ಹೊರಗಿನಿಂದ ಬಂದವರಿಗೆ ಇದು ಹೊಸದು. ಓನರಿಗೆ ಒಂದು ದೊಡ್ಡ ಮೊತ್ತ ಒಟ್ಟಿಗೆ ಕೊಡುವುದು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುವುದು, ಬಿಡುವಾಗ ಹಣ ಪೂರ್ತಿ ವಾಪಸ್ಸು ಪಡೆಯುವುದು. ಕೇಳಲು ಚೆನ್ನಾಗಿದೆ. ಆದರೆ ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದರೆ, ಓನರು ಕಂತು ಕಟ್ಟದಿದ್ದರೆ, ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಸುಮ್ನೆ ಛಾಪಾ ಕಾಗದದ ಮೇಲೆ ಬರೆದುಕೊಂಡ ಭೋಗ್ಯಕ್ಕೆ ಬಲ ಕಡಿಮೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲು ಓನರು ಒಪ್ಪದಿದ್ದರೆ ಆ ಮನೆ ಬಿಟ್ಟುಬಿಡಿ. ನಿವೃತ್ತಿಯ ಗಂಟನ್ನು ಅಲ್ಲಿ ಇಡುವುದು ಬೇಡ.

ಮೈಸೂರೋ ಮಂಡ್ಯವೋ

ನಮ್ಮನೆಯವರ ಊರು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಅಲ್ಲಿಗೇ ಹೋಗೋಣ ಎನ್ನುವ ಆಸೆ ಅವರಿಗೆ ತುಂಬಾ ಇತ್ತು. ನಾಲೆ ನೀರು, ಕಬ್ಬಿನ ಗದ್ದೆ, ಆಲೆಮನೆ ವಾಸನೆ, ಗುರುತಿನ ಜನ. ಮಂಡ್ಯ ಪಟ್ಟಣ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 100. ರೈಲುಗಳಿಗೆ ಕೊರತೆ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ಮಕ್ಕಳು ಬೆಂಗಳೂರಿನಲ್ಲಿದ್ದವರಿಗೆ ಮೈಸೂರಿಗಿಂತ ಮಂಡ್ಯವೇ ಅನುಕೂಲ ಎನ್ನಬಹುದು.

ಆದರೆ ಹಳ್ಳಿಯ ಹಿರಿಯರ ಮನೆಗೆ ಹೋಗುವ ಮೊದಲು ಕಾಗದ ನೋಡಬೇಕು. ಎಷ್ಟೋ ಮನೆಗಳಲ್ಲಿ ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೋ ತಾತನ ಹೆಸರಿನಲ್ಲೋ ಇರುತ್ತದೆ. ಜಮೀನಾದರೆ ಪೌತಿ ಖಾತೆ ಮಾಡಿಸಿ ಪಹಣಿಯಲ್ಲಿ ವಾರಸುದಾರರ ಹೆಸರು ಬರಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು, ಅಂದರೆ ಪಂಚಾಯಿತಿ ಆಸ್ತಿಯ ಕಂಪ್ಯೂಟರ್ ದಾಖಲೆ ಬೇಕು. ಅದಿಲ್ಲದೆ ನೋಂದಣಿ ಆಗದು. ಅಕ್ಕ ತಂಗಿಯರ ಪಾಲನ್ನು ಮರೆಯಬೇಡಿ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಹಬ್ಬಕ್ಕೆ ಹೋಗಿ ಮೂರು ದಿನ ಇರುವಾಗ ಯಾರೂ ಪಾಲಿನ ಮಾತೆತ್ತುವುದಿಲ್ಲ. ನೀವು ಗೋಡೆ ಒಡೆದು ಹೊಸ ಬಚ್ಚಲು ಕಟ್ಟಿಸಲು ಹೊರಟ ದಿನ ಮಾತು ಬರುತ್ತದೆ. ಕೂತು ಮಾತಾಡಿ, ವಿಭಾಗ ಪತ್ರ ಮಾಡಿಸಿ, ಆಮೇಲೆ ಇಟ್ಟಿಗೆ ತರಿಸಿ. ನಮ್ಮಲ್ಲಿ ಪತ್ರ ಇನ್ನೂ ಆಗಿಲ್ಲ. ಅದಕ್ಕೇ ನಾವು ಮೈಸೂರಿನಲ್ಲಿದ್ದೇವೆ. ಹಬ್ಬ, ಸುಗ್ಗಿಗೆ ಊರಿಗೆ ಹೋಗಿ ಬರುತ್ತೇವೆ.

ಮೈಸೂರಿನೊಳಗೆ ಜಾಗ ಆರಿಸುವಾಗ ನಾನು ಒಂದೇ ಲೆಕ್ಕ ಹೇಳುತ್ತೇನೆ. ಸ್ಕೂಟರ್, ಕಾರು ಓಡಿಸಲು ಆಗದ ದಿನ ಬಂದರೆ ಔಷಧಿ ಅಂಗಡಿ, ಹಾಲು, ತರಕಾರಿ, ಬಸ್ ಸ್ಟಾಪು ನಡೆದು ಹೋಗುವಷ್ಟು ದೂರದಲ್ಲಿ ಇವೆಯಾ? ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು ಇದರಲ್ಲಿ ಗೆಲ್ಲುತ್ತವೆ. ಬಾಡಿಗೆ ಜಾಸ್ತಿ, ಆದರೂ ಗೆಲ್ಲುತ್ತವೆ. ಊರಾಚೆಯ ಬಡಾವಣೆಯಲ್ಲಿ ಮನೆ ದೊಡ್ಡದು, ಗಾಳಿ ಚೆನ್ನ, ಎದುರಿಗೆ ಖಾಲಿ ಸೈಟುಗಳು. ಅರವತ್ತೆರಡಕ್ಕೆ ಅದು ನೆಮ್ಮದಿ. ಎಪ್ಪತ್ತೆಂಟಕ್ಕೆ ಅದೇ ಖಾಲಿ ಸೈಟು ಭಯ.

ದೇಹದ ವಿಚಾರ

ಮೂರನೇ ಚಳಿಗಾಲದಲ್ಲಿ ಒಂದು ರಾತ್ರಿ ನಮ್ಮನೆಯವರಿಗೆ ಎದೆ ಹಿಡಿದ ಹಾಗಾಯಿತು. ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಓಡಿದೆವು. ದೇವರ ದಯೆ, ದೊಡ್ಡದೇನೂ ಆಗಿರಲಿಲ್ಲ. ಆದರೆ ನಮ್ಮ ವಿಮೆಯ ಪಟ್ಟಿಯಲ್ಲಿ ಆ ಆಸ್ಪತ್ರೆ ಇರಲಿಲ್ಲ. ಅಷ್ಟೂ ಹಣ ಕೈಯಿಂದ ಕಟ್ಟಿ, ಆಮೇಲೆ ಕಾಗದ ಕಳಿಸಿ ವಾಪಸ್ಸು ಪಡೆಯಲು ತಿಂಗಳುಗಟ್ಟಲೆ ಹಿಡಿಯಿತು. ಹಳೆಯ ಇಸಿಜಿ ಎಲ್ಲಿ ಎಂದು ವೈದ್ಯರು ಕೇಳಿದರು. ಅದು ಡೊಂಬಿವಲಿಯ ಕಪಾಟಿನಲ್ಲಿತ್ತು. ಆ ರಾತ್ರಿ ನಾನು ಎಷ್ಟು ಅಸಹಾಯಕಳಾಗಿದ್ದೆ ಅಂತ ಈಗಲೂ ನೆನಪಿದೆ. ನೀವು ಹಾಗೆ ಸಿಕ್ಕಿಕೊಳ್ಳಬಾರದು.

ಆದ್ದರಿಂದ ಮನೆಗಿಂತ ಮೊದಲು ವೈದ್ಯರನ್ನು ಹುಡುಕಿಕೊಳ್ಳಿ. ಮೈಸೂರಿನಲ್ಲಿ ಆಯ್ಕೆಗಳಿವೆ. ಸರ್ಕಾರಿ ವ್ಯವಸ್ಥೆಯಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಹೃದಯಕ್ಕೆ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಇದೆ. ಖಾಸಗಿಯಾಗಿ ಜೆಎಸ್‌ಎಸ್ ಮತ್ತು ಇತರ ದೊಡ್ಡ ಆಸ್ಪತ್ರೆಗಳಿವೆ. ವಯಸ್ಸಾದವರಿಗೆ ಕಿವಿ ಮಂದವಾಗುವುದು ಎಲ್ಲರ ಮನೆಯ ಕಥೆ, ಅಲ್ವಾ? ಅದಕ್ಕೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಪಾರ್ಶ್ವವಾಯುವಿನಿಂದ ಮಾತು ಹೋದವರಿಗೂ ಅಲ್ಲಿ ತರಬೇತಿ ಕೊಡುತ್ತಾರೆ. ದೂರದ ರಾಜ್ಯಗಳಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ಅದು. ಊರಲ್ಲೇ ಇದ್ದೂ ಹೋಗದವರು ಎಷ್ಟೋ ಜನ.

ವಿಮೆಯಲ್ಲಿ ಎರಡು ಕೆಲಸ. ನಿಮ್ಮ ಕಂಪನಿಯ ನಗದುರಹಿತ ಪಟ್ಟಿಯಲ್ಲಿ ಇಲ್ಲಿನ ಯಾವ ಆಸ್ಪತ್ರೆಗಳಿವೆ ಎಂದು ನೋಡಿ, ಮನೆಯಿಂದ ಅಲ್ಲಿಗೆ ರಾತ್ರಿ ಹೊತ್ತು ಎಷ್ಟು ನಿಮಿಷ ಎಂದು ಒಮ್ಮೆ ಹೋಗಿಯೇ ನೋಡಿ. ಪಟ್ಟಿ ಸರಿಯಿಲ್ಲದಿದ್ದರೆ ವಿಮೆಯನ್ನು ಬೇರೆ ಕಂಪನಿಗೆ ವರ್ಗ ಮಾಡಿಸಬಹುದು. ನವೀಕರಣದ ದಿನಕ್ಕೆ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಅರ್ಜಿ ಹಾಕಬೇಕು. ಹೀಗೆ ವರ್ಗ ಮಾಡಿಸಿದರೆ ಹಳೆಯ ಕಾಯಿಲೆಗಳಿಗೆ ನೀವು ಈಗಾಗಲೇ ಕಾದ ಕಾಲ ಲೆಕ್ಕಕ್ಕೆ ಬರುತ್ತದೆ. ಹಳೆಯದನ್ನು ಬಿಟ್ಟು ಹೊಸದಾಗಿ ಮಾಡಿಸಿದರೆ ಮೂರು ವರ್ಷದವರೆಗೂ ಮತ್ತೆ ಕಾಯಬೇಕಾಗಬಹುದು. 65 ದಾಟಿದವರಿಗೆ ವಿಮೆಯೇ ಸಿಗದು ಎನ್ನುವ ಮಾತು ಹಳೆಯದು. 2024ರಲ್ಲಿ ಆ ವಯಸ್ಸಿನ ಮಿತಿ ತೆಗೆದಿದ್ದಾರೆ. ಇನ್ನೊಂದು ವಿಷಯ: ಕೆಲವು ವಿಮೆಗಳಲ್ಲಿ ಊರಿನ ಮೇಲೆ ಕಂತು ನಿಗದಿಯಾಗುತ್ತದೆ. ಮಹಾನಗರದಿಂದ ಮೈಸೂರಿಗೆ ವಿಳಾಸ ಬದಲಿಸಿದರೆ ಕಂತು ಕಡಿಮೆಯಾಗಬಹುದು. ಆದರೆ ಮುಂದೆ ದೊಡ್ಡ ಚಿಕಿತ್ಸೆಗೆ ಮುಂಬಯಿಗೆ ಹೋದರೆ ಬಿಲ್ಲಿನ ಒಂದು ಪಾಲು ನೀವೇ ಕಟ್ಟುವ ಷರತ್ತು ಇರಬಹುದು. ಓದಿ ಸಹಿ ಮಾಡಿ.

ವಿಳಾಸ ಬದಲಿಸುವುದು

ಇದು ಬೇಸರದ ಕೆಲಸ. ಆದರೆ ಊರು ನಿಮ್ಮನ್ನು ತನ್ನವರೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇಲ್ಲಿಂದಲೇ. ಮೊದಲು ಆಧಾರ್. ಅದರಲ್ಲಿ ಇಲ್ಲಿನ ವಿಳಾಸ ಬಂದರೆ ಉಳಿದ ಬಾಗಿಲುಗಳು ಸುಲಭವಾಗಿ ತೆರೆಯುತ್ತವೆ. ನಾನು ಮೊದಲು ಅದರ ಉಪಯೋಗ ಕಂಡದ್ದು ಬಸ್ಸಿನಲ್ಲಿ. 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇರಬೇಕು. ನಾಲ್ಕು ವರ್ಷ ಕನ್ನಡದಲ್ಲೇ ಮಾತಾಡಿ ಟಿಕೆಟ್ ತೆಗೆಸಿದ್ದೆ. ಆಧಾರ್ ಬದಲಾದ ಮೇಲೆ ಕಂಡಕ್ಟರ್ ಮೊದಲ ಸಲ ಶೂನ್ಯ ಟಿಕೆಟ್ ಹರಿದು ಕೊಟ್ಟಾಗ ಕಣ್ಣು ತುಂಬಿ ಬಂತು. ಅರವತ್ತು ದಾಟಿದ ಗಂಡಸರಿಗೂ ಕೆಎಸ್‌ಆರ್‌ಟಿಸಿಯಲ್ಲಿ ದರದ ಶೇಕಡ 25 ರಿಯಾಯಿತಿ ಇದೆ.

ಮತದಾರರ ಪಟ್ಟಿಗೆ ನಮೂನೆ 8 ತುಂಬಿದರೆ ಹೆಸರು ಹಳೆಯ ಊರಿನಿಂದ ಇಲ್ಲಿಗೆ ಬರುತ್ತದೆ. ಹೊಸದಾಗಿ ನಮೂನೆ 6 ತುಂಬಬೇಡಿ, ಎರಡು ಕಡೆ ಹೆಸರು ಉಳಿಯುವುದು ಕಾನೂನಿಗೆ ವಿರುದ್ಧ. ಕರೆಂಟು ಕೊಡುವುದು ಇಲ್ಲಿ ಸೆಸ್ಕ್ ಕಂಪನಿ. ಬಾಡಿಗೆದಾರರಿಗೂ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಅನ್ವಯಿಸುತ್ತದೆ. ಆದರೆ ಹಿಂದೆ ಇದ್ದ ಬಾಡಿಗೆದಾರರ ಹೆಸರು ಆ ಮನೆಯ ಕರೆಂಟು ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ತೆಗೆದಿರಬೇಕು. ಮನೆ ಹಿಡಿಯುವ ದಿನವೇ ಓನರಿಗೆ ಹೇಳಿ.

ಕಾರು ತಂದವರು ಕೇಳಿ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಪಡೆಯಲೇಬೇಕು. ಮೊದಲು ಹಳೆಯ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಇಲ್ಲಿ ಗಾಡಿಯ ವಯಸ್ಸು ನೋಡಿ ಜೀವಿತಾವಧಿ ತೆರಿಗೆ ಹಾಕುತ್ತಾರೆ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದದ್ದನ್ನು ವಾಪಸ್ಸು ಕೇಳಬಹುದು. ಕಾರು ಹತ್ತು ವರ್ಷ ದಾಟಿದ್ದರೆ ಅಲ್ಲೇ ಮಾರಿ ಬರುವುದು ಲೇಸು.

ಪಿಂಚಣಿಯ ಭಯ ಬೇಡ. ನವೆಂಬರಿನಲ್ಲಿ ಕೊಡುವ ಜೀವಂತ ಪ್ರಮಾಣ ಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಎಲ್ಲಿಂದ ಬೇಕಾದರೂ ಕೊಡಬಹುದು. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್‌ನಲ್ಲೇ ಕೊಡಬಹುದು. ಇಪಿಎಫ್ ಪಿಂಚಣಿಯನ್ನು 2025ರ ಜನವರಿಯಿಂದ ದೇಶದ ಯಾವುದೇ ಬ್ಯಾಂಕ್ ಶಾಖೆಯಲ್ಲಿ ಪಡೆಯಬಹುದು.

ವಿದೇಶದಿಂದ ಬರುವವರಿಗೆ

ಇವರ ವಿಷಯದಲ್ಲಿ ದಿನಗಳ ಲೆಕ್ಕ ಮುಖ್ಯ. ಚಳಿಗಾಲದಲ್ಲಿ ಬಂದು ಹೋಗುವಾಗ ನೀವು ಅನಿವಾಸಿ. ಒಂದು ಹಣಕಾಸು ವರ್ಷದಲ್ಲಿ 182 ದಿನ ಮುಟ್ಟಿದರೆ ತೆರಿಗೆಯ ಲೆಕ್ಕದಲ್ಲಿ ನಿವಾಸಿ. ಇಲ್ಲಿನ ಆದಾಯ ವರ್ಷಕ್ಕೆ 15 ಲಕ್ಷ ದಾಟುವವರಿಗೆ 120 ದಿನವೇ ಸಾಕಾಗಬಹುದು. ನಿವಾಸಿಯಾದ ಕೂಡಲೇ ವಿದೇಶದ ಆದಾಯಕ್ಕೆಲ್ಲ ಇಲ್ಲಿ ತೆರಿಗೆ ಬೀಳುವುದಿಲ್ಲ. ತುಂಬಾ ವರ್ಷ ಹೊರಗಿದ್ದವರಿಗೆ ನಡುವೆ ಒಂದು ಮೆಟ್ಟಿಲಿದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರದಿದ್ದರೆ, ಸಾಮಾನ್ಯ ನಿವಾಸಿಯಲ್ಲದ ನಿವಾಸಿ ಎಂದು ಪರಿಗಣಿಸುತ್ತಾರೆ. ಆ ಅವಧಿಯಲ್ಲಿ ಅಲ್ಲಿನ ಪಿಂಚಣಿ, ಬಡ್ಡಿಯನ್ನು ಸಾಮಾನ್ಯವಾಗಿ ಇಲ್ಲಿ ತೆರಿಗೆಗೆ ಸೇರಿಸುವುದಿಲ್ಲ. ಎಷ್ಟು ಸಲ ಚಳಿಗಾಲಕ್ಕೆ ಬಂದಿದ್ದೀರಿ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪಾಸ್‌ಪೋರ್ಟಿನ ಮುದ್ರೆಗಳನ್ನು ಹಿಡಿದು ಲೆಕ್ಕ ಪರಿಶೋಧಕರ ಹತ್ತಿರ ಕೂರಿ.

ವಿದೇಶಿ ವಿನಿಮಯದ ಕಾನೂನು ಬೇರೆಯೇ. ಅಲ್ಲಿ ದಿನಕ್ಕಿಂತ ಉದ್ದೇಶಕ್ಕೆ ಬೆಲೆ. ಇಲ್ಲೇ ನೆಲೆಸಲು ಬಂದಿರಿ ಎಂದಾದರೆ, ವಿದೇಶದ ದುಡಿಮೆಯ ಹಣ ಇಡುವ ಅನಿವಾಸಿಗಳ ಎನ್‌ಆರ್‌ಇ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಿಸಬೇಕು. ಅನಿವಾಸಿಯಾಗಿರುವಾಗ ಕೃಷಿ ಜಮೀನು, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇಲ್ಲಿನ ಆಸ್ಪತ್ರೆ ಖರ್ಚು ಕೊಡುವುದಿಲ್ಲ. ಆದ್ದರಿಂದ ಇಲ್ಲಿನ ವಿಮೆಯನ್ನು ಚಳಿಗಾಲದ ಭೇಟಿಯ ಕಾಲದಲ್ಲೇ ಶುರು ಮಾಡಿದರೆ ಕಾಯುವ ವರ್ಷಗಳು ಆಗಲೇ ಕಳೆಯುತ್ತಾ ಹೋಗುತ್ತವೆ. ಅಮೆರಿಕದಲ್ಲಿ ಖಾಯಂ ಆಗಿ ಇರಲು ಕೊಡುವ ಗ್ರೀನ್ ಕಾರ್ಡ್ ಇದ್ದವರು ಅನುಮತಿ ಪತ್ರವಿಲ್ಲದೆ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ಉಳಿದರೆ ವಾಪಸ್ಸು ಹೋಗುವುದು ಕಷ್ಟವಾಗುತ್ತದೆ.

ಕೊನೆಗೆ ಮನೆ

ವರ್ಷ ಕಳೆಯಿತು, ಬೀದಿ ಇಷ್ಟವಾಯಿತು, ಈಗ ಕೊಳ್ಳೋಣ ಎಂದಾಗ ಆತುರ ಬೇಡ. ಹಳೆಯ ಮನೆ ಮಾರಿ ಬಂದ ಲಾಭದ ತೆರಿಗೆ ಉಳಿಸಲು ಕಾನೂನೇ ಸಮಯ ಕೊಡುತ್ತದೆ. ಕಟ್ಟಿದ ಮನೆ ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ. ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನದೊಳಗೆ ಖರ್ಚಾಗದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು, ಅಷ್ಟೇ. ತೆರಿಗೆ ಉಳಿಸಬೇಕು ಎಂದು ಸಿಕ್ಕ ಮನೆ ಹಿಡಿಯಬೇಕಿಲ್ಲ.

ಕಾಗದದಲ್ಲಿ ಮುಖ್ಯವಾದದ್ದು ಬಡಾವಣೆಯ ಹುಟ್ಟು. ಮುಡಾ ಎಂದೇ ಜನ ಈಗಲೂ ಕರೆಯುವ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಮಾಡಿದ ಬಡಾವಣೆಯೋ, ಅದು ಅನುಮೋದಿಸಿದ ಖಾಸಗಿ ಬಡಾವಣೆಯೋ, ಭೂಪರಿವರ್ತನೆಯೇ ಆಗದ ರೆವಿನ್ಯೂ ಸೈಟೋ? ಮೂರನೆಯದು ಅಗ್ಗ. ಅದಕ್ಕೆ ಕೈ ಹಾಕಬೇಡಿ. ಕಂದಾಯ ವಸೂಲಿಗಾಗಿ ಅನಧಿಕೃತ ಆಸ್ತಿಗೂ ಕೊಡುವ ಬಿ ಖಾತೆಯನ್ನು ತೋರಿಸಿ, ಖಾತೆ ಇದೆಯಲ್ಲ, ಕಂದಾಯ ಕಟ್ಟುತ್ತಿದ್ದೇವಲ್ಲ ಎಂದು ಹೇಳುತ್ತಾರೆ. ಕಂದಾಯ ಕಟ್ಟಿದ ಮಾತ್ರಕ್ಕೆ ಸೈಟು ಸಕ್ರಮವಾಗುವುದಿಲ್ಲ. ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಮೂವತ್ತು ವರ್ಷದ್ದು ತೆಗೆಸಿ ವಕೀಲರಿಗೆ ತೋರಿಸಿ. ಖರ್ಚಿನ ಲೆಕ್ಕವನ್ನೂ ಸರಿಯಾಗಿ ಹಾಕಿ. 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 1ರ ಬದಲು 2. ಎಲ್ಲ ಸೇರಿ ನಗರದಲ್ಲಿ ಶೇಕಡ 7.6. ಅರವತ್ತು ಲಕ್ಷದ ಮನೆಗೆ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಇದಕ್ಕೇ ಹೋಗುತ್ತದೆ.

ಮನೆಯನ್ನು ಮಕ್ಕಳ ಹೆಸರಿಗೆ ಈಗಲೇ ಬರೆಯೋಣ ಎನ್ನುವವರಿಗೆ ನನ್ನದೊಂದು ಕಳಕಳಿಯ ಮಾತು. ಬೇಡ. ವಿಲ್ ಬರೆದಿಡಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ದಾನಪತ್ರ ಮಾಡಲೇಬೇಕಾದರೆ, ಕೊನೆಯವರೆಗೆ ನಮ್ಮನ್ನು ನೋಡಿಕೊಳ್ಳಬೇಕು ಎನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆಸಿದ್ದರೆ, ಷರತ್ತು ಮುರಿದಾಗ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ದಾನಪತ್ರ ರದ್ದು ಮಾಡಿಸಲು ಕೇಳಬಹುದು.

ಒಬ್ಬರೇ ಉಳಿದಾಗ

ಗಂಡ ಹೆಂಡತಿ ಇಬ್ಬರೂ ಇದನ್ನು ಬಾಯಿಬಿಟ್ಟು ಮಾತಾಡಬೇಕು. ನಾವು ಬಹಳ ದಿನ ಮಾತಾಡಲಿಲ್ಲ. ನಾನು ಮೊದಲು ಹೋದರೆ ಇವರಿಗೆ ಅಡುಗೆ ಬರುವುದಿಲ್ಲ. ಇವರು ಮೊದಲು ಹೋದರೆ ನನಗೆ ಬ್ಯಾಂಕಿನ ವ್ಯವಹಾರ ಗೊತ್ತಿಲ್ಲ. ಮಗಳು ಬೆಂಗಳೂರಿನ ಆಚೆ ತುದಿಯಲ್ಲಿದ್ದಾಳೆ. ಹೆದ್ದಾರಿ ಚೆನ್ನಾಗಿದೆ ನಿಜ, ಆದರೂ ರಾತ್ರಿ ಫೋನ್ ಮಾಡಿದರೆ ಅವಳು ಬರಲು ಮೂರು ಗಂಟೆ ಮೇಲಾಗುತ್ತದೆ. ಆ ಮೂರು ಗಂಟೆಗೆ ಇದೇ ಬೀದಿಯ ಜನ ಬೇಕು. ಚಳಿಗಾಲದ ನೆಂಟರಾಗಿದ್ದಾಗ ನಾವು ನೆರೆಯವರಿಗೆ ನಮಸ್ಕಾರ ಹೇಳಿದ್ದಷ್ಟೇ. ಈಗ ಅವರ ಮನೆಯ ಶ್ರಾದ್ಧಕ್ಕೂ ಹೋಗುತ್ತೇವೆ, ಸೀಮಂತಕ್ಕೂ ಹೋಗುತ್ತೇವೆ.

ಈ ವರ್ಷ ಇವರು ಅನ್ನ ಸಾರು ಮಾಡಲು ಕಲಿತಿದ್ದಾರೆ. ನಾನು ಮೊಬೈಲಿನಲ್ಲಿ ಕರೆಂಟು ಬಿಲ್ ಕಟ್ಟಲು ಕಲಿತೆ. ಇಬ್ಬರ ರಕ್ತದ ಗುಂಪು, ಮಾತ್ರೆಗಳ ಹೆಸರು, ವಿಮೆಯ ಸಂಖ್ಯೆ, ಮಗಳ ನಂಬರು, ಹಿರಿಯರ ಸಹಾಯವಾಣಿ 14567, ಆಂಬುಲೆನ್ಸಿನ 108 ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆ ಮನೆ ಬಾಗಿಲಿಗೆ ಅಂಟಿಸಿದ್ದೇವೆ. ಅದರ ಇನ್ನೊಂದು ಪ್ರತಿ ಎದುರು ಮನೆಯವರ ಹತ್ತಿರ ಇದೆ, ನಮ್ಮ ಮನೆಯ ಒಂದು ಬೀಗದ ಕೈ ಜೊತೆಗೆ.